ಆರನೆಯ ಕಮಾನು

ಊರಿನ ಹೆಸರು ಬೇಡ ಬಿಡಿ. ಈ ಕಥೆ ಕೇಳಿದ ಮುದ್ದೇಬಿಹಾಳದವರು ಇದು ಸಿಂದಗಿಯಲ್ಲಿ ಆದದ್ದು ಎನ್ನುತ್ತಾರೆ. ಸಿಂದಗಿಯವರು ಇಂಡಿ ತಾಲೂಕಿನ ಕಡೆ ಬೆರಳು ಮಾಡುತ್ತಾರೆ, ಇಂಡಿಯವರು ಬಸವನ ಬಾಗೇವಾಡಿಗೆ ದಾಟಿಸುತ್ತಾರೆ. ಬಾಗೇವಾಡಿಯವರು ತಮ್ಮಲ್ಲಿ ಇಂಥ ಮಂದಿ ಹುಟ್ಟೇ ಇಲ್ಲವೆಂದು ಹೇಳಿ ಮುದ್ದೇಬಿಹಾಳದ ಬಸ್ಸು ತೋರಿಸುತ್ತಾರೆ. ಎಲ್ಲಿಯದಾದರೇನು? ಜನರ ಬಾಯಲ್ಲಿ ಇನ್ನೂ ಊರು, ಅಂಗಡಿ ಬೋರ್ಡುಗಳಲ್ಲಿ ಆಗಲೇ ಸಿಟಿ. ನಡುವೆ ಒಂದು ಹಳ್ಳ, ಹಳ್ಳಕ್ಕೊಂದು ಹಳೆಯ ಕಲ್ಲುಸೇತುವೆ, ಸೇತುವೆಗೆ ಐದು ಕಮಾನು. ಐದೆಂದರೆ ಐದೇ. ಎಮ್ಮೆ ಮೈ ತೊಳೆಯಲು ಹೋದವರು ಯಾರು ಬೇಕಾದರೂ ಎಣಿಸಬಹುದು.

ಆದರೆ ಪುರಸಭೆಯ ಸಭಾಂಗಣದಲ್ಲಿ ತೂಗುಹಾಕಿದ್ದ ಪೆನ್ಸಿಲ್ ಚಿತ್ರದಲ್ಲಿ ಅದೇ ಸೇತುವೆಗೆ ಆರು ಕಮಾನುಗಳಿದ್ದವು. ಇಪ್ಪತ್ತೆಂಟು ವರ್ಷ ಅದು ಗೋಡೆಯ ಮೇಲಿತ್ತು, ಯಾರೂ ಎಣಿಸಿರಲಿಲ್ಲ. ಗೋಡೆಯ ಮೇಲಿನ ಚಿತ್ರವನ್ನು ಕೂತು ಎಣಿಸುವ ಪುರಸೊತ್ತು ಯಾರಿಗಿದೆ ಹೇಳಿ.

ಚಿತ್ರ ಬರೆದವರು ಹಿರೇಮಠದ ಚನ್ನಬಸಯ್ಯ ಮಾಸ್ತರು. ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರಾಗಿ ಊರಿನ ಮೂರು ತಲೆಮಾರಿನ ಕಿವಿ ಹಿಂಡಿ ನಿವೃತ್ತರಾದವರು. ಚಿತ್ರ ತೆಗೆಯುವುದರ ಬಗ್ಗೆ ಅವರದೊಂದು ಮಾತು ಊರಿಗೆಲ್ಲ ಬಾಯಿಪಾಠ: "ಇಲ್ಲದ್ದು ತಗದಾಂವ ಸುಳ್ಳ, ಇದ್ದದ್ದು ಬಿಟ್ಟಾಂವ ಕಳ್ಳ." ಇದನ್ನು ಹೇಳಿಕೊಂಡೇ ಅವರು ಬೆರಳಿನ ಗಂಟಿನ ಮೇಲೆ ಸ್ಕೇಲಿನಿಂದ ಬಾರಿಸುತ್ತಿದ್ದರು. ಒಮ್ಮೆ ಶ್ರೀಶೈಲ ಎಂಬ ಹುಡುಗ ಬಕೆಟ್ಟಿನ ಚಿತ್ರಕ್ಕೆ ಹಿಡಿಕೆ ಹಾಕಿದ. ಅವನು ಕೂತ ಜಾಗದಿಂದ ಹಿಡಿಕೆ ಕಾಣುತ್ತಿರಲಿಲ್ಲ. ಮಾಸ್ತರು ಅರ್ಧ ಮಾರ್ಕು ಕಡಿದರು, ಅವನಿಗೆ ಫಸ್ಟ್ ಕ್ಲಾಸ್ ತಪ್ಪಿತು. ಅದೇ ಶ್ರೀಶೈಲ ಈಗ ಪುರಸಭೆಯ ಇಂಜಿನಿಯರ್. ಆ ಅರ್ಧ ಮಾರ್ಕಿನ ಮೇಲೆ ಅವನಿಗೆ ಸಿಟ್ಟಿರಲಿಲ್ಲ, ಭಕ್ತಿಯಿತ್ತು. ಸಿಟ್ಟಿಗಾದರೆ ಮದ್ದುಂಟು, ಭಕ್ತಿಗೆ ಏನು ಮಾಡುತ್ತೀರಿ?

ಮೇಲಿನಿಂದ ಒಂದು ಪತ್ರ ಬಂತು. ಹಳೆಯ ಸೇತುವೆಗಳ ವಿವರ, ಕಮಾನುಗಳ ಸಂಖ್ಯೆ ಸಹಿತ, ಸೂಕ್ತ ದಾಖಲೆಯೊಂದಿಗೆ ಕಳಿಸಬೇಕೆಂದು. ಸೇತುವೆಯ ಕಡತವನ್ನು ಗೆದ್ದಲು ತಿಂದು ಮುಗಿಸಿ ಆಗಲೇ ಬೇರೆ ಕಪಾಟಿಗೆ ದಾಟಿತ್ತು. ಉಳಿದದ್ದು ಗೋಡೆಯ ಮೇಲಿನ ಚಿತ್ರವೊಂದೇ. ಅದರಲ್ಲಿ ತಾರೀಖು ಇತ್ತು, ಸಹಿ ಇತ್ತು, ಯಾರೋ ಹುರುಪಿನ ಕಾರಕೂನ ಕುರ್ಚಿ ಮೇಜಿನ ಜೊತೆ ಅದಕ್ಕೂ ಬಡಿದಿದ್ದ ಪುರಸಭೆಯ ಮುದ್ರೆ, ದುಂಡು ಸಿಕ್ಕಾ ಇತ್ತು. ಶ್ರೀಶೈಲ ಎಣಿಸಿ ಆರು ಎಂದು ಬರೆದ. ಆಮೇಲೆ ಫೋಟೊ ಹೊಡೆಯಲು ಹಳ್ಳಕ್ಕೆ ಇಳಿದ. ಐದು. ಆಚೆ ದಂಡೆಯಿಂದ ಎಣಿಸಿದ, ಐದು. ಎಡದಿಂದ ಬಲಕ್ಕೆ ಎಣಿಸಿ ತೃಪ್ತಿಯಾಗದೆ ಬಲದಿಂದ ಎಡಕ್ಕೂ ಎಣಿಸಿದ.

ಬೇರೆ ಊರಾಗಿದ್ದರೆ ಚಿತ್ರ ತಪ್ಪು ಎನ್ನುತ್ತಿದ್ದರು. ಇಲ್ಲಿ ಆ ಮಾತು ಯಾರ ಬಾಯಿಂದಲೂ ಬರಲಿಲ್ಲ, ಯಾಕೆಂದರೆ ಸಭೆಯಲ್ಲಿ ಕೂತವರೆಲ್ಲರ ಬೆರಳಿನ ಗಂಟುಗಳೂ ಆ ಸ್ಕೇಲನ್ನು ಬಲ್ಲವು. ಮುಖ್ಯಾಧಿಕಾರಿ ವಿದ್ಯಾವತಿ ಮೇಡಂ ಮಾತ್ರ ಬೇರೆ ಊರಿನವರು. ಆದರೆ ಅವರಿಗೆ ಸಿಕ್ಕಾ ಇದ್ದದ್ದೇ ಸತ್ಯ. ಸೇತುವೆ ಸುಳ್ಳು ಹೇಳಬಹುದು, ಅದಕ್ಕೆ ಸಹಿಯಿಲ್ಲ, ಚಿತ್ರಕ್ಕಿದೆ ಎಂದು ಅವರು ತೀರ್ಪು ಕೊಟ್ಟರು. ಅಲ್ಲಿಗೆ ಒಂದು ಕಮಾನು ಕಾಣೆಯಾದದ್ದು ಖಚಿತವಾಯಿತು. ಠಾಣೆಗೆ ದೂರು ಹೋಯಿತು. ವಸ್ತುವನ್ನು ಕೊನೆಯದಾಗಿ ಕಂಡವರು ಯಾರು ಎಂದು ಅಲ್ಲಿ ಕೇಳಿದರು. ಚನ್ನಬಸಯ್ಯ ಮಾಸ್ತರು, ೧೯೯೬ರಲ್ಲಿ ಎಂದು ಬರೆಸಿದರು. ಉಳಿದ ಐದೂ ಹೋಗಬಾರದೆಂದು ಕಾವಲಿಗೆ ಜವಾನ ರಮಜಾನನನ್ನು ಹಾಕಿದರು. ಅವನು ದಿನಾ ಬೆಳಿಗ್ಗೆ ಎಣಿಸಿ ರಜಿಸ್ಟರಿನಲ್ಲಿ ಬರೆಯುತ್ತಿದ್ದ: ಐದು. ಮರುದಿನ ಐದು. ರವಿವಾರ ರಜೆಯಾದ್ದರಿಂದ ಎಣಿಸದೆ, ಅಂದಾಜು ಐದು.

ಇಷ್ಟಕ್ಕೇ ನಿಂತಿದ್ದರೆ ನಕ್ಕು ಎದ್ದು ಹೋಗಬಹುದಿತ್ತು. ಶ್ರೀಶೈಲ ಚಿತ್ರದ ಮೇಲೆ ಪಟ್ಟಿಯಿಟ್ಟು ಅಳೆದ, ಅದೇ ಲೆಕ್ಕದಲ್ಲಿ ದಂಡೆಯ ಮೇಲೆ ಟೇಪು ಎಳೆದ. ಆರನೆಯ ಕಮಾನು ಇರಬೇಕಾದ ಜಾಗ ನೇರವಾಗಿ ಶೆಟ್ಟೆವ್ವನ ಮನೆಯ ನಡುಮನೆಗೆ ಬಂತು.

ಶೆಟ್ಟೆವ್ವನ ಮನೆಯೆಂದರೆ ಸೇತುವೆಯ ಮೂಡಣ ತುದಿಯಲ್ಲಿ, ರಸ್ತೆಯಿಂದ ಒಂದಾಳು ಕೆಳಗೆ, ಮೇಲೆ ತಗಡಿನ ಪತ್ರಾಸು ಹೊದಿಸಿದ ಒಂದೂವರೆ ಖೋಲಿ. ಗೋಡೆಯ ಮೇಲೆ ಬುದ್ಧನ ಕ್ಯಾಲೆಂಡರು, ಪಕ್ಕದಲ್ಲಿ ತೀರಿಹೋದ ಗಂಡ ಯಂಕಪ್ಪನ ಫೋಟೊ. ಆಕೆ ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಟ್ಟು ಮಗ ಅನಿಲಕುಮಾರನನ್ನು ಓದಿಸಿದವಳು. ಅವನೀಗ ಹೂವಿನ ಹಿಪ್ಪರಗಿಯಲ್ಲಿ ಸಾಲಿ ಮಾಸ್ತರ. ಕಮಾನನ್ನು ಅತಿಕ್ರಮಿಸಿ ಮನೆ ಕಟ್ಟಲಾಗಿದೆ ಎಂಬ ನೋಟೀಸು ಬಂದಾಗ ಅವನು ಹಕ್ಕುಪತ್ರ ಹಿಡಿದುಕೊಂಡು ಓಡಿಬಂದ. ಹಕ್ಕುಪತ್ರ ಮನೆ ಇದೆ ಎಂದಷ್ಟೇ ಹೇಳುತ್ತದೆ, ಕೆಳಗೆ ಕಮಾನು ಇಲ್ಲ ಎಂದು ಎಲ್ಲಿ ಹೇಳುತ್ತದೆ ಎಂದು ಪುರಸಭೆಯಲ್ಲಿ ಕೇಳಿದರು. ಅವನ ಬಳಿ ಅದಕ್ಕೆ ಕಾಗದವಿರಲಿಲ್ಲ. ಸೋಮವಾರ ಜೆಸಿಬಿ ಬಂದು ಮನೆ ಕೆಡವಿ ಕಮಾನನ್ನು ಅಗೆದು ತೆಗೆಯುವುದೆಂದು ನಿಶ್ಚಯವಾಯಿತು.

ಗುರುವಾರ ಶ್ರೀಶೈಲ ಶಾಲು, ಹಾರ, ಹಣ್ಣಿನ ಬುಟ್ಟಿಯೊಂದಿಗೆ ಮಾಸ್ತರ ಮನೆಗೆ ಬಂದ. ನಿಮ್ಮ ಒಂದು ಚಿತ್ರದಿಂದ ಸರ್ಕಾರದ ಒಂದು ಕಮಾನು ಉಳಿಯಿತು, ಸೋಮವಾರ ಅಗೆಯುವಾಗ ತೆಂಗಿನಕಾಯಿ ನೀವೇ ಒಡೆಯಬೇಕು ಎಂದು ಕಾಲು ಮುಟ್ಟಿದ. ಮಾಸ್ತರು ಹಾರಕ್ಕೆ ಕೊರಳು ಒಡ್ಡಿದರು. ವಿಷಯ ಪೂರ್ತಿ ತಿಳಿದದ್ದು ಹಾರ ಬಿದ್ದ ಮೇಲೆ. ಬಾಯಿ ತೆರೆದರು, ಮುಚ್ಚಿದರು. ಅರವತ್ತೇಳು ವರ್ಷದಲ್ಲಿ ತನ್ನದು ತಪ್ಪಾಯಿತು ಎಂಬ ವಾಕ್ಯವನ್ನು ಒಮ್ಮೆಯೂ ಆಡಿ ರೂಢಿಯಿಲ್ಲದ ಬಾಯಿ ಅದು, ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯಲಿಲ್ಲ. ಶ್ರೀಶೈಲ ಚಹಾ ಕುಡಿದು ಹೋದ.

"ಹಾರಾ ಹಾಕಿದ್ರ ಮುಖಾ ಯಾಕ ಹಿಂಗ ಆಗೇತಿ?" ಎಂದಳು ಹೆಂಡತಿ ಸುನಂದಾ. ಮಾಸ್ತರು ಹೂವಿನ ವಾಸನೆ ತಲೆಗೇರಿತು ಎಂದರು. ಕನಕಾಂಬರಕ್ಕೆ ಯಾವ ವಾಸನೆ ಎಂದು ಆಕೆ ಗೊಣಗಿಕೊಂಡಳು.

ನಿಜ ಮಾಸ್ತರರೊಬ್ಬರಿಗೇ ಗೊತ್ತಿತ್ತು. ೧೯೯೬ರಲ್ಲಿ ಪುರಸಭೆಗೆ ಚಿತ್ರಕ್ಕಿಂತ ಮೊದಲು ಬಂದದ್ದು ಅದರ ಚೌಕಟ್ಟು. ಯಾವುದೋ ಸತ್ಕಾರದ ಫೋಟೊಗೆಂದು ಮಾಡಿಸಿ, ಫೋಟೊ ಬಾರದೆ ಉಳಿದಿದ್ದ ಉದ್ದನೆಯ ತೇಗದ ಕಟ್ಟು. ಇದಕ್ಕೆ ಸರಿಯಾಗಿ ಒಂದು ಚಿತ್ರ ತೆಗೆಯಿರಿ ಎಂದಿದ್ದರು. ಮಾಸ್ತರು ನಾಲ್ಕು ದಿನ ಹಳ್ಳದ ಬಂಡೆಯ ಮೇಲೆ ಕೂತರು. ಐದು ಕಮಾನು ಮುಗಿದ ಮೇಲೂ ಬಲಗಡೆ ಒಂದು ಗೇಣು ಕಾಗದ ಉಳಿಯಿತು. ಕಾಗದ ಖಾಲಿ ಬಿಟ್ಟರೆ ಪರೀಕ್ಷೆಯಲ್ಲಿ ಮಾರ್ಕು ಹೋಗುತ್ತದೆ. ಇದು ಡ್ರಾಯಿಂಗ್ ಮಾಸ್ತರರ ರಕ್ತಕ್ಕಿಳಿದ ಕಾಯಿದೆ. ಅದಕ್ಕೇ ಒಂದು ಕಮಾನು ಹೆಚ್ಚಿಗೆ ಹಾಕಿದರು. ಹೀಗೆಂದು ಮಾಸ್ತರು ತಮಗೆ ತಾವೇ ಹೇಳಿಕೊಂಡು ಇಪ್ಪತ್ತೆಂಟು ವರ್ಷ ಆರಾಮಾಗಿ ನಿದ್ದೆ ಮಾಡಿದ್ದರು. ಅದು ಮುಕ್ಕಾಲು ನಿಜ. ಉಳಿದ ಕಾಲು ಭಾಗವನ್ನು ಅವರು ತಮಗೂ ಹೇಳಿಕೊಂಡಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವರ ಕಾಲು ತಾನಾಗಿಯೇ ಹಳ್ಳದ ಕಡೆ ಹೊರಳಿತು. ಶೆಟ್ಟೆವ್ವ ಸಾಮಾನು ಕಟ್ಟುತ್ತಿರಬಹುದು, ನಾಲ್ಕು ಜನರೆದುರು ತನ್ನನ್ನು ಬಯ್ಯಬಹುದು ಎಂದುಕೊಂಡು ಹೋದರು. ಬಯ್ದರೆ ಒಳ್ಳೆಯದೇ, ಎದೆ ಹಗುರಾದೀತು ಎಂಬ ಆಸೆಯೂ ಇತ್ತು. ಹೋಗಿ ನೋಡಿದರೆ ಬಾಗಿಲಲ್ಲಿ ಮಣ್ಣಿನ ಗುಡ್ಡೆ. ಒಳಗೆ, ಒಲೆಯ ಪಕ್ಕದಲ್ಲಿ, ಎಪ್ಪತ್ತರ ಮುದುಕಿ ಸೊಂಟದ ಮಟ ತಗ್ಗಿನಲ್ಲಿ ನಿಂತು ಗುದ್ದಲಿ ಹಾಕುತ್ತಿದ್ದಳು.

ಅವರನ್ನು ಕಂಡು ಸೆರಗು ಸರಿಮಾಡಿಕೊಂಡಳು. ಮೂರು ದಿನದಿಂದ ಅಗೆಯುತ್ತಿದ್ದಾಳಂತೆ. ಕಮಾನನ್ನು ತಾನೇ ಹುಡುಕಿ ತೋರಿಸಿಬಿಟ್ಟರೆ ಮನೆ ಪೂರ್ತಿ ಕೆಡವುವ ಕೆಲಸ ಪುರಸಭೆಯವರಿಗೂ ತಪ್ಪುತ್ತದೆ, ಒಲೆಯ ಗೋಡೆಯಷ್ಟಾದರೂ ತನಗೂ ಉಳಿಯುತ್ತದೆ ಎಂಬ ಲೆಕ್ಕ ಆಕೆಯದು. ಮಗ ಬೇಡವೆಂದು ಜಗಳಾಡಿ ಹಿಪ್ಪರಗಿಗೆ ಹೋಗಿದ್ದಾನಂತೆ. ಕಮಾನು ಇಲ್ಲವೇ ಇಲ್ಲ ಎನ್ನುತ್ತಾನಂತೆ ಅವನು.

"ನಾ ಅವಂಗ ಹೇಳಿದ್ನಿರಿ, ಅಯ್ಯಾರು ಕಣ್ಣಾರೆ ಕಂಡಾರ, ಇಲ್ಲದ್ದು ತಗಿಯೋ ಮನಶ್ಯಾ ಅಲ್ಲ ಅವರು ಅಂತ. ನಲವತ್ತು ವರ್ಷ ಅದರ ಮ್ಯಾಲ ಮಲಗೇನಿ, ನನಗ ತಿಳೀಲಿಲ್ಲ ನೋಡ್ರಿ" ಎಂದಳು ಶೆಟ್ಟೆವ್ವ. ಆಮೇಲೆ ತಗ್ಗಿನೊಳಗೆ ಕಣ್ಣು ಹಾಯಿಸಿ ಸಣ್ಣ ದನಿಯಲ್ಲಿ ಕೇಳಿದಳು: "ಇನ್ನ ಎಷ್ಟು ಮೊಳಕ್ಕ ಸಿಗಬಹುದ್ರಿ?"

ಮಾಸ್ತರಿಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು. ಭೂಮಿ ಅಲ್ಲೇ ಎದುರಿಗೆ ಬಾಯಿ ಬಿಟ್ಟುಕೊಂಡಿತ್ತು, ಆದರೆ ಅದರಲ್ಲಿ ಆಗಲೇ ಶೆಟ್ಟೆವ್ವ ನಿಂತಿದ್ದಳು. ಇನ್ನು ಅಗೆಯಬೇಡವೆಂದಷ್ಟೇ ಹೇಳಲಾಯಿತು. ಆಕೆ ಅದನ್ನು ಕರುಣೆಯೆಂದು ತಿಳಿದು ಮೇಲೆ ಹತ್ತಿ ಬಂದಳು, ಕೈ ತೊಳೆದುಕೊಂಡು ಹಂಚಿನ ಮೇಲಿದ್ದ ಬಿಸಿ ರೊಟ್ಟಿಯನ್ನು ಕಾಗದದಲ್ಲಿ ಸುತ್ತಿ ಕೊಟ್ಟಳು. ಅಂದೂ ನಾಲ್ಕು ದಿನ ನನ್ನ ಕೈಯ ರೊಟ್ಟಿ ತಿಂದೇ ಚಿತ್ರ ತೆಗೆದಿರಿ, ಇಂದು ಬರಿಗೈಯಲ್ಲಿ ಹೋಗಬಾರದು ಎಂದಳು. ಆಕೆ ಈ ಮಾತನ್ನು ಊರಿಗೆಲ್ಲ ಹೇಳಿಕೊಂಡು ಬಂದವಳು. ಖಾನಾವಳಿಯವರು ರೊಟ್ಟಿ ದಪ್ಪವಾಯಿತೆಂದು ಕೊಂಕು ತೆಗೆದರೆ, ಹಿರೇಮಠದ ಅಯ್ಯಾರೇ ತಿಂದು ಹೋಗ್ಯಾರ, ನಿಮ್ಮದೇನು ಎನ್ನುತ್ತಿದ್ದಳು. ಮಾಸ್ತರು ರೊಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು ನೆಟ್ಟಗೆ ಪುರಸಭೆಗೆ ನಡೆದರು.

ಅಲ್ಲಿ ಅವರು ಆಡಬಾರದ ವಾಕ್ಯವನ್ನು ಆಡಿಯೇಬಿಟ್ಟರು. ಕಮಾನು ಇರಲಿಲ್ಲ, ಚೌಕಟ್ಟು ಉದ್ದವಿತ್ತು, ತುಂಬಲಿಕ್ಕೆ ಹಾಕಿದೆ, ನನ್ನದು ತಪ್ಪು. ಶ್ರೀಶೈಲನ ಕಣ್ಣು ತುಂಬಿ ಬಂತು. ಒಬ್ಬ ಬಡ ಮುದುಕಿಗಾಗಿ ಗುರುಗಳು ತಮ್ಮ ಹೆಸರನ್ನೇ ಬಲಿ ಕೊಡುತ್ತಿದ್ದಾರೆ ಎಂದು ಮೇಡಂ ಕಿವಿಯಲ್ಲಿ ಹೇಳಿದ. ಮಾಸ್ತರು ಸಿಟ್ಟಾದರು. ನಾನು ಸುಳ್ಳ ಎಂದು ಹೇಳುತ್ತಿದ್ದೇನೆ, ನಂಬೋ ಎಂದು ಗದರಿದರು. ಸುಳ್ಳು ಹೇಳದವರು ಹೇಳಿದ್ದರಿಂದ ಅದು ಸುಳ್ಳಿರಬೇಕು ಎಂದು ಶ್ರೀಶೈಲ ಕೈ ಮುಗಿದ. ವಿದ್ಯಾವತಿ ಮೇಡಂಗೆ ಭಕ್ತಿಯ ತೊಂದರೆಯಿರಲಿಲ್ಲ. ಸಿಕ್ಕಾ ಇರುವ ದಾಖಲೆಯನ್ನು ಬಾಯಿಮಾತಿನಿಂದ ತಿದ್ದಲು ಬರುವುದಿಲ್ಲ, ಬೇರೆ ದಾಖಲೆ ಇದ್ದರೆ ತನ್ನಿರಿ ಎಂದರು ಅವರು. ಸೋಮವಾರದ ಜೆಸಿಬಿಗೆ ಹೇಳಿಯಾಗಿತ್ತು.

ಮಾಸ್ತರು ಕುರ್ಚಿಯಲ್ಲಿ ಕುಸಿದರು. ಇಪ್ಪತ್ತೆಂಟು ವರ್ಷದಿಂದ ಹೂತಿಟ್ಟಿದ್ದ ಕಾಲು ಭಾಗ ನಿಜ ಆಗ ಎದ್ದು ಬಂತು.

ಬಲಗಡೆಯ ಆ ಗೇಣು ಜಾಗ ಖಾಲಿ ಇರಲಿಲ್ಲ. ಅಲ್ಲಿ ಶೆಟ್ಟೆವ್ವನ ಮನೆ ಕಾಣುತ್ತಿತ್ತು. ಕಂಡದ್ದನ್ನು ತೆಗೆಯುವವರಾದ್ದರಿಂದ ಅವರು ಮೊದಲು ಅದನ್ನೇ ತೆಗೆದಿದ್ದರು. ಪತ್ರಾಸು, ಅದರ ಮೇಲೆ ಹೇರಿದ ಕಲ್ಲು, ಬಾಗಿಲು, ಬಾಗಿಲ ಬಳಿಯ ನೀರಿನ ಕೊಡ, ಎಲ್ಲವನ್ನೂ ಗಟ್ಟಿ ಪೆನ್ಸಿಲಿನಿಂದ ಒತ್ತಿ ಬರೆದಿದ್ದರು. ನಾಲ್ಕನೆಯ ದಿನ ದೂರ ನಿಂತು ನೋಡಿದಾಗ ಅಂಥ ಗಂಭೀರ ಕಲ್ಲಿನ ಪಕ್ಕ ಆ ಮನೆ ಹೊಲಸು ಕಂಡಿತು. ಸಭಾಂಗಣದ ಗೋಡೆಗೆ ಇದು ಒಪ್ಪುತ್ತದೆಯೇ ಎನಿಸಿತು. ಅಳಿಸಿದರು. ಅಳಿಸಿದ್ದು ರೊಟ್ಟಿಯಿಂದ. ರಬ್ಬರು ಕಾಗದದ ಚರ್ಮ ಸುಲಿಯುತ್ತದೆ, ಮೆತ್ತಗಿನ ರೊಟ್ಟಿ ಮಸಿಯನ್ನಷ್ಟೇ ಎತ್ತುತ್ತದೆ ಎಂದು ಅವರ ಗುರುಗಳು ಕಲಿಸಿದ್ದರು. ಮಾಸ್ತರು ಅದನ್ನೇ ಪಾಲಿಸಿಕೊಂಡು ಬಂದಿದ್ದರು.

ಮಸಿಯನ್ನಷ್ಟೇ ಎತ್ತುತ್ತದೆ! ಹಾಗಾದರೆ ಕಾಗದದಲ್ಲಿ ಒತ್ತಿ ಮೂಡಿದ ಗೀರು ಎಲ್ಲಿ ಹೋಗುತ್ತದೆ?

ಅವರು ಎದ್ದರು. ಸಭಾಂಗಣಕ್ಕೆ ಹೋಗಿ, ಕುರ್ಚಿ ಹತ್ತಿ, ಚಿತ್ರ ಇಳಿಸಿ, ಚೌಕಟ್ಟಿನ ಬೆನ್ನಿನ ಮೊಳೆ ಕಿತ್ತರು. ಸರ್ಕಾರಿ ಆಸ್ತಿ, ಸರ್ಕಾರಿ ಆಸ್ತಿ ಎಂದು ಗುಮಾಸ್ತರು ಸುತ್ತ ಕೂಡಿದರು. ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ, ಹಳೆಯ ಸ್ಕೇಲಿನ ಪ್ರತಾಪ. ಮಾಸ್ತರು ಚೀಲದಿಂದ ಶೆಟ್ಟೆವ್ವನ ರೊಟ್ಟಿ ತೆಗೆದರು, ಒಂದು ತುಣುಕನ್ನು ಬೆರಳಲ್ಲಿ ನಾದಿ ಉಂಡೆ ಮಾಡಿ ಆರನೆಯ ಕಮಾನಿನ ಮೇಲೆ ಒತ್ತಿ ಒತ್ತಿ ಎತ್ತಿದರು. ಕಲ್ಲು ಒಂದೊಂದಾಗಿ ಕರಗಿತು. ಶ್ರೀಶೈಲ ಕಣ್ಣು ಮುಚ್ಚಿಕೊಂಡ, ಅವನ ಪ್ರಕಾರ ಅದು ನೂರಾರು ವರ್ಷದ ಸ್ಮಾರಕ. ಜಾಗ ಬೆಳ್ಳಗಾದ ಮೇಲೆ ಮಾಸ್ತರು ಮೆತ್ತನೆಯ ಪೆನ್ಸಿಲನ್ನು ಅಡ್ಡ ಹಿಡಿದು ಹಗುರಾಗಿ ತಿಕ್ಕಿದರು.

ಕಪ್ಪಿನ ನಡುವೆ ಬಿಳಿ ಗೀರುಗಳು ಎದ್ದವು. ಮೊದಲು ಪತ್ರಾಸು, ಆಮೇಲೆ ಕಲ್ಲು, ಬಾಗಿಲು, ಕೊಡ. ಪಕ್ಕದಲ್ಲೇ ೧೯೯೬ರ ತಾರೀಖು, ಅದರ ಮೇಲೆ ದುಂಡು ಸಿಕ್ಕಾ. ಎಲ್ಲರೂ ಬಗ್ಗಿ ನೋಡಿದರು.

"ಇದು ಶೆಟ್ಟೆವ್ವನ ಮನಿ. ಇದ್ದದ್ದು ಬಿಟ್ಟೆ, ಇಲ್ಲದ್ದು ತಗದೆ" ಎಂದರು ಮಾಸ್ತರು. "ಈಗ ನೀನೇ ಮಾರ್ಕು ಕೊಡೋ ಶ್ರೀಶೈಲ."

ಶ್ರೀಶೈಲ ಏನೂ ಕೊಡಲಿಲ್ಲ. ಅವನು ಗೋಡೆಯ ಮೇಲಿನ ಖಾಲಿ ಮೊಳೆಯನ್ನು ನೋಡುತ್ತ ನಿಂತುಬಿಟ್ಟ, ಪಾಪ. ವಿದ್ಯಾವತಿ ಮೇಡಂ ಮಾತ್ರ ಬಹಳ ಹೊತ್ತು ಕಾಗದ ತಿರುಗಿಸಿ ನೋಡಿ ಸಮಾಧಾನದ ಉಸಿರು ಬಿಟ್ಟರು. ದಾಖಲೆ ಸಿಕ್ಕಿತ್ತು. ಕಾಗದದಲ್ಲಿ ಮನೆ ಕೆಳಗಿದೆ, ಕಮಾನು ಅದರ ಮೇಲಿತ್ತು. ಅಂದರೆ ಮನೆ ಮೊದಲು, ಕಮಾನು ಆಮೇಲೆ. ಆದ್ದರಿಂದ ಮನೆ ಕಮಾನನ್ನು ಅತಿಕ್ರಮಿಸಿಲ್ಲ, ಕಮಾನೇ ಮನೆಯನ್ನು ಅತಿಕ್ರಮಿಸಿದೆ. ಅತಿಕ್ರಮಣ ಆಗಿದ್ದಂತೂ ಆಗಿದೆ, ಆರೋಪಿ ಮಾತ್ರ ಬದಲು. ಶೆಟ್ಟೆವ್ವನ ನೋಟೀಸು ಅಲ್ಲೇ ರದ್ದಾಯಿತು, ಮಾಸ್ತರ ಹೆಸರಿಗೆ ಹೊಸದು ಟೈಪಾಯಿತು: ಶೆಟ್ಟೆವ್ವ ಗಂಡ ಯಂಕಪ್ಪ ಇವರ ವಾಸದ ಮನೆಯ ಮೇಲೆ ಅನಧಿಕೃತವಾಗಿ ಒಂದು ಕಲ್ಲಿನ ಕಮಾನು ನಿರ್ಮಿಸಿದ್ದು ಕಂಡುಬಂದಿರುತ್ತದೆ, ಏಳು ದಿನಗಳೊಳಗೆ ತೆರವುಗೊಳಿಸತಕ್ಕದ್ದು. ತೆರವು ಆಗಲೇ ಆಗಿದೆಯಲ್ಲ ಎಂದು ಯಾರೋ ಅಂದರು. ನಿಂತೇ ಇದ್ದ ಶ್ರೀಶೈಲನನ್ನು ಎಚ್ಚರಿಸಿ ಭೂತಗನ್ನಡಿ ಕೊಟ್ಟು ಸ್ಥಳ ತನಿಖೆ ಮಾಡಿಸಿದರು. ಕಮಾನಿನ ಅವಶೇಷವಾಗಿ ಮೂರು ಜೋಳದ ಕಣ ಸಿಕ್ಕವೆಂದು ಅವನು ವರದಿ ಬರೆದ.

ಮಾಸ್ತರು ಓದದೆ ಸಹಿ ಹಾಕಿದರು. ನೊಂದವರಿಗೊಂದು ಪ್ರತಿ ಮುಟ್ಟಿಸಬೇಕಿತ್ತು. ರಮಜಾನ ಕಮಾನು ಎಣಿಸಲು ಹೋಗಿದ್ದರಿಂದ, ಆರೋಪಿಯೇ ಒಯ್ದರೆ ನಡೆಯುತ್ತದೆ ಎಂದರು.

ಶೆಟ್ಟೆವ್ವ ಮತ್ತೆ ತಗ್ಗಿಗಿಳಿದಿದ್ದಳು. ಬೇಡವೆಂದದ್ದು ಕರುಣೆಯಿಂದಲ್ಲವೇ, ಕರುಣೆ ನಂಬಿಕೊಂಡು ಕೂತರೆ ಸೋಮವಾರ ನಿಲ್ಲುತ್ತದೆಯೇ. ಎದೆಮಟ ಮುಟ್ಟಿದ್ದಳು. ಮಾಸ್ತರು ತಗ್ಗಿನ ಅಂಚಿನಲ್ಲಿ ಕೂತು ಕಾಗದ ಓದಿ ಹೇಳಿದರು. ಮನೆ ಉಳಿಯಿತು ಎಂಬುದಷ್ಟೇ ಆಕೆಗೆ ತಿಳಿಯಿತು. ಗುದ್ದಲಿ ಕೈಬಿಟ್ಟು ಗೋಡೆಗೆ ಆನಿಕೊಂಡಳು. ಯಂಕಪ್ಪನ ಫೋಟೊದ ಕಡೆ ಒಮ್ಮೆ ನೋಡಿದಳು. ಆಮೇಲೆ, ಹಾಗಾದರೆ ಕಮಾನು ಎಲ್ಲಿದೆ ಎಂದು ಕೇಳಿದಳು.

"ಇಲ್ರಿ ಯವ್ವಾ" ಎಂದರು ಮಾಸ್ತರು. "ಎಂದೂ ಇರಲೇ ಇಲ್ಲ. ಅಲ್ಲಿ ನಿಮ್ಮ ಮನಿ ತಗದಿದ್ನಿ. ಚಂದ ಕಾಣಲಿಲ್ಲಂತ ಅಳಿಸಿದ್ನಿ. ನೀವು ಕೊಟ್ಟ ರೊಟ್ಟೀಲೇ ಅಳಿಸಿದ್ನಿ."

ಮೂರು ದಿನ ಸುಮ್ಮಸುಮ್ಮನೆ ಅಗೆದದ್ದು, ಮಗನೊಡನೆ ಜಗಳಾಡಿದ್ದು, ಮನೆಯನ್ನು ಹೊಲಸೆಂದದ್ದು, ಇದರಲ್ಲಿ ಯಾವುದಕ್ಕೆ ಬಯ್ಯುತ್ತಾಳೋ ಎಂದು ಮಾಸ್ತರು ತಲೆ ತಗ್ಗಿಸಿ ಕಾದರು. ಆಕೆ ಕೇಳಿದ್ದು ಬೇರೆಯೇ.

"ಅಂದ್ರ, ನೀವು ಆ ರೊಟ್ಟಿ ತಿನ್ನಲಿಲ್ಲೇನ್ರಿ?"

ಮಾಸ್ತರು ತಗ್ಗಿನ ಅಂಚಿನ ಮಣ್ಣನ್ನು ಬೆರಳಿನಿಂದ ಕೆದರಿದರು.

"ನಾಲ್ಕು ದಿನದ್ದೂ?"

ಅವರು ಇಲ್ಲವೆಂದು ತಲೆ ಅಲ್ಲಾಡಿಸಿದರು.

"ಮುಂಜಾನೆ ಕೊಟ್ಟದ್ದು?"

ಅದರ ಉಳಿದ ಅರ್ಧ ಚೀಲದಲ್ಲೇ ಇತ್ತು. ಮಾಸ್ತರು ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿದರು. ಶೆಟ್ಟೆವ್ವ ಅದನ್ನು ನೋಡಿದಳು. ಇಪ್ಪತ್ತೆಂಟು ವರ್ಷ ಊರಿಗೆಲ್ಲ ಹೇಳಿಕೊಂಡು ಬಂದ ಮಾತನ್ನು ಆಕೆ ಬಾಯೊಳಗೇ ಒಮ್ಮೆ ತಿರುವಿ ಹಾಕಿದಂತೆ ಕಂಡಿತು. ಮನೆ ಹೋಗುತ್ತದೆಂದಾಗ ಬಾರದ ನೀರು ಆಕೆಯ ಕಣ್ಣಿಗೆ ಈಗ ಬಂತು. ಸೆರಗಿನಿಂದ ಒರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ಮಣ್ಣು ಬಳಿದುಕೊಂಡಳು.

ಮಾಸ್ತರು ಚೀಲದಿಂದ ಆ ಅರ್ಧ ರೊಟ್ಟಿ ತೆಗೆದರು. ಅದಕ್ಕೆ ಪೆನ್ಸಿಲಿನ ಮಸಿ ಹತ್ತಿತ್ತು. ಬಾಯಿಯ ಹತ್ತಿರ ಒಯ್ದರು.

"ಅದನ್ನ ಒಗೀರಿ" ಎಂದಳು ಶೆಟ್ಟೆವ್ವ. ತಗ್ಗಿನಿಂದ ಮೇಲೆ ಬಂದು ಸಲಿಕೆಯನ್ನು ಅವರ ಮುಂದೆ ಇಟ್ಟಳು. "ಮೊದಲ ತಗ್ಗ ಮುಚ್ರಿ. ರೊಟ್ಟಿ ಆಮ್ಯಾಲ."

ಮಾಸ್ತರು ಅಂಗಿಯ ತೋಳು ಮಡಚಿದರು. ಅರವತ್ತೇಳರ ಬೆನ್ನಿಗೆ ಸಲಿಕೆ ಹೊಸದು. ನಾಲ್ಕು ಸಲಿಕೆಗೆ ಒಮ್ಮೆ ನಿಂತು ಏದುತ್ತಿದ್ದರು. ಶೆಟ್ಟೆವ್ವ ಒಲೆ ಹೊತ್ತಿಸಿ, ಹಿಟ್ಟು ಕಲಸಿಟ್ಟುಕೊಂಡು, ತಗ್ಗು ಎಲ್ಲಿಯವರೆಗೆ ಮುಚ್ಚಿತೆಂದು ನೋಡುತ್ತ ಕೂತಳು. ಹೊರಗೆ ರಮಜಾನ ರಜಿಸ್ಟರು ಬಗಲಲ್ಲಿಟ್ಟುಕೊಂಡು ಹೋಗುವವನು ಸಪ್ಪಳ ಕೇಳಿ ಇಣುಕಿದ. ಮಾಸ್ತರು ಮಣ್ಣು ಹಾಕುವುದನ್ನು ಕಂಡು, ಕಮಾನು ಸಿಕ್ಕಿತೇ ಎಂದು ಕೇಳಿದ. ಇಲ್ಲ, ಐದೇ ಬರೆದುಕೋ ಎಂದು ಶೆಟ್ಟೆವ್ವ ಒಳಗಿನಿಂದಲೇ ಹೇಳಿದಳು. ಅವನು ಅಲ್ಲೇ ನಿಂತು ಬರೆದುಕೊಂಡ.

ಸಂಜೆಗೆ ನೆಲ ಸಮವಾಯಿತು. ಆಗ ಆಕೆ ಮೊದಲ ರೊಟ್ಟಿ ಬಡಿದು ಹಂಚಿಗೆ ಹಾಕಿದಳು, ತಾಟಿನಲ್ಲಿಟ್ಟು ಮಾಸ್ತರ ಎದುರಿಗೆ ಸರಿಸಿದಳು, ಮತ್ತು ಅವರು ಕೊನೆಯ ತುಣುಕು ನುಂಗುವವರೆಗೂ ಅವರ ಬಾಯಿಯನ್ನೇ ನೋಡುತ್ತ ಎದುರಿಗೆ ಕೂತಳು.